ಹಸಿವನ್ನು ಬಲ್ಲ ತಾಯಿ: ಪಂಡಿತಾ ರಮಾಬಾಯಿಯವರು ಭರವಸೆಯನ್ನು ಹಂಚಿದ ಬಗೆ

ಸಾವು ಸಂಭವಿಸಿದ ಮನೆಗೆ ಹೋಗಿ ಸಮಾಧಾನ ಹೇಳುವುದು ಗೃಹಸ್ಥರಿಗೆಲ್ಲ ತಪ್ಪದ ಕರ್ತವ್ಯವಾಗಿದೆ. ಆದರೆ ಅಲ್ಲಿ ನಾವು ಆಡುವ ಮಾತುಗಳಲ್ಲಿ ಎಷ್ಟು ಮಾತುಗಳು ದುಃಖಿತರ ಕಿವಿಯನ್ನು ದಾಟಿ ಹೃದಯವನ್ನು ಸೇರುವುವೋ ದೇವರೇ ಬಲ್ಲನು. ಋಣ ತೀರಿತೆನ್ನುವೆವು, ಈಶ್ವರೇಚ್ಛೆಯೆನ್ನುವೆವು, ಧೈರ್ಯ ತಂದುಕೊಳ್ಳಿರೆನ್ನುವೆವು. ಬಳಿಕ ಕಾಲು ತೊಳೆದು ನಮ್ಮ ಮನೆಯನ್ನು ಸೇರುವೆವು. ಅದೇ ಮನೆಗೆ, ಹಿಂದೊಮ್ಮೆ ತಾನೂ ಮಗನನ್ನು ಕಳೆದುಕೊಂಡ ನೆರೆಮನೆಯ ಮುದುಕಿಯೊಬ್ಬಳು ಬಂದು, ಮಾತಿಲ್ಲದೆ ಮೂಲೆಯಲ್ಲಿ ಕುಳಿತು, ತನ್ನ ಮನೆಯಿಂದ ತಂದ ಗಂಜಿಯನ್ನು ಮಕ್ಕಳಿಗೆ ಕುಡಿಸಿ ಹೋದರೆ, ಆ ಮನೆಯವರು ಅದನ್ನು ವರ್ಷಗಟ್ಟಲೆ ನೆನೆಯುವರು. ಆಕೆಯು ಎಂದಾದರೊಂದು ದಿನ ‘ನಾನು ಬದುಕಿದ್ದು ಹೀಗೆ’ ಎಂದು ಬಾಯಿಬಿಟ್ಟರೆ, ಅವಳ ಮಾತನ್ನು ಯಾರೂ ತಳ್ಳಿಹಾಕಲಾರರು.

ತಮ್ಮ ವಿಶ್ವಾಸವನ್ನೂ ಭರವಸೆಯನ್ನೂ ಇತರರೊಡನೆ ಹಂಚಿಕೊಳ್ಳಬೇಕೆಂಬುದು ಕ್ರಿಸ್ತೀಯರಿಗೆ ಅವರ ಮತವು ವಿಧಿಸಿದ ಕರ್ತವ್ಯ. ನಮ್ಮ ದೇಶದಲ್ಲಿ ಇದನ್ನು ಉಪದೇಶದಿಂದ ಮಾಡಿದವರಿದ್ದಾರೆ, ಪುಸ್ತಕಗಳಿಂದ ಮಾಡಿದವರಿದ್ದಾರೆ, ಪಾಠಶಾಲೆ ಆಸ್ಪತ್ರೆಗಳ ಮೂಲಕ ಮಾಡಿದವರಿದ್ದಾರೆ. ಆ ನೆರೆಮನೆಯ ಮುದುಕಿಯ ರೀತಿಯಿಂದ ಮಾಡಿದವರು ವಿರಳ. ಅಂತಹವರಲ್ಲಿ ಪಂಡಿತಾ ರಮಾಬಾಯಿಯವರದು ಮೊದಲ ಹೆಸರೆಂದು ನಮ್ಮ ಅಭಿಪ್ರಾಯ. ಅವರ ಚರಿತ್ರವನ್ನು ಮಹಾರಾಷ್ಟ್ರದ್ದೆಂದು ಎಣಿಸಿ ನಾವು ಕನ್ನಡಿಗರು ಸುಮ್ಮನಿರುವುದುಂಟು. ಆದರೆ ಅವರು ಹುಟ್ಟಿದ್ದು ನಮ್ಮ ಸಹ್ಯಾದ್ರಿಯಲ್ಲಿ. ತುಂಗೆ, ಭದ್ರೆ, ನೇತ್ರಾವತಿಗಳ ಉಗಮಸ್ಥಾನವೆಂದು ಪ್ರಸಿದ್ಧವಾದ ಗಂಗಾಮೂಲದ ಕಾಡಿನಲ್ಲಿ. 1858ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರು, ಘನ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಬೇಕೆಂದು ಅವರು ಹಟ ಹಿಡಿದರು. ಸ್ತ್ರೀಯರಿಗೆ ದೇವಭಾಷೆಯೇ ಎಂದು ಬಂಧುಗಳು ಮುನಿದರು. ವಿಷಯವು ಉಡುಪಿಯ ವಿದ್ವಾಂಸರ ಸಭೆಯವರೆಗೂ ಹೋಯಿತು. ಶಾಸ್ತ್ರಿಗಳು ಶಾಸ್ತ್ರವಚನಗಳನ್ನೇ ಎತ್ತಿ ತೋರಿಸಿ ತಮ್ಮ ಪಕ್ಷವನ್ನು ಸಮರ್ಥಿಸಿಕೊಂಡರು. ಬಳಿಕ ಕಾಡಿನಲ್ಲಿ ಮನೆ ಕಟ್ಟಿ, ಅಲ್ಲಿಯೇ ಹೆಂಡತಿಗೆ ಪಾಠ ಹೇಳಿದರು. ಆ ತಾಯಿಯು ಬೆಳಗಿನ ಜಾವದಲ್ಲಿ ಮಗಳನ್ನು ಎಬ್ಬಿಸಿ, ಮನೆಗೆಲಸವು ಆರಂಭವಾಗುವುದಕ್ಕೆ ಮುಂಚೆ ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಮಗಳಿಗೆ ಪುಸ್ತಕವನ್ನು ಕೊಡುವ ತಾಯಂದಿರು ಇಂದು ಮನೆಮನೆಯಲ್ಲಿಯೂ ಇದ್ದಾರೆ. ಆ ಕಾಲದಲ್ಲಿ ಅದಕ್ಕೆ ಎಂಥ ಎದೆ ಬೇಕಾಗಿತ್ತೆಂಬುದನ್ನು ವಾಚಕರು ಊಹಿಸಿಕೊಳ್ಳಬೇಕು.

ರಮಾಬಾಯಿಯು ಕೆಲವೇ ತಿಂಗಳ ಶಿಶುವಾಗಿದ್ದಾಗ ಆ ಕುಟುಂಬವು ಕಾಡನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬುಟ್ಟಿಯಲ್ಲಿಟ್ಟು ಆಳೊಬ್ಬನು ತಲೆಯ ಮೇಲೆ ಹೊತ್ತುಕೊಂಡು ಬೆಟ್ಟವನ್ನು ಇಳಿದನಂತೆ. ಅಂದಿನಿಂದ ಅವರಿಗೆ ನೆಲೆಯೆಂಬುದಿಲ್ಲ. ದೇವಸ್ಥಾನಗಳಲ್ಲಿ ಪುರಾಣ ಹೇಳುವುದು, ಕೇಳಿದವರು ಕೊಟ್ಟದ್ದರಿಂದ ಜೀವಿಸುವುದು, ಮಿಕ್ಕಿದ್ದನ್ನು ದಾನ ಮಾಡುವುದು, ಮುಂದಿನ ಕ್ಷೇತ್ರಕ್ಕೆ ನಡೆಯುವುದು. ಹೀಗೆ ಹದಿನೈದು ವರ್ಷಗಳು ಕಳೆದುವು. ಆಗ ದಕ್ಷಿಣದೇಶದಲ್ಲಿ ಕ್ಷಾಮವು ತಲೆದೋರಿತು.

ಕ್ಷಾಮದಲ್ಲಿ ಪುರಾಣವನ್ನು ಕೇಳುವವರಾರು? ಇದ್ದ ಅಲ್ಪಸ್ವಲ್ಪ ಹಣವು ವ್ರತಗಳಿಗೂ ಬ್ರಾಹ್ಮಣಭೋಜನಗಳಿಗೂ ವ್ಯಯವಾಯಿತು. ದೇವತೆಗಳು ಪ್ರಸನ್ನರಾದಾರೆಂದು ಆಸೆ. ಒಡವೆಗಳು ಹೋದುವು, ಒಳ್ಳೆಯ ಬಟ್ಟೆಗಳು ಹೋದುವು, ಹಿತ್ತಾಳೆ ತಾಮ್ರದ ಪಾತ್ರೆಗಳೂ ಹೋದುವು. ಕೂಲಿಗೆ ಹೋಗುವುದು ಪಂಡಿತರ ಮನೆತನಕ್ಕೆ ಅವಮಾನ. ಭಿಕ್ಷೆ ಬೇಡಲು ನಾಚಿಕೆ. ಕಡೆಗೆ ಊರಿನಲ್ಲಿ ಸಾಯುವುದಕ್ಕಿಂತ ಕಾಡಿನಲ್ಲಿ ಸಾಯುವುದು ಲೇಸೆಂದು ಎಲ್ಲರೂ ಕಾಡನ್ನು ಹೊಕ್ಕರು. ಹನ್ನೊಂದು ದಿನಗಳು ನೀರು, ಎಲೆ, ಒಂದು ಹಿಡಿ ಕಾಡುಖರ್ಜೂರ ಇವುಗಳಿಂದಲೇ ಜೀವ ಹಿಡಿದಿದ್ದರು. ವೃದ್ಧರಾದ ತಂದೆಯು ಇನ್ನು ಸಹಿಸಲಾರದೆ ಪುಣ್ಯತೀರ್ಥದಲ್ಲಿ ಮುಳುಗಿ ಪ್ರಾಣಬಿಡುವೆನೆಂದು ನಿಶ್ಚಯಿಸಿ, ಒಬ್ಬೊಬ್ಬರನ್ನಾಗಿ ಕರೆದು ಬೀಳ್ಕೊಂಡರು. ಕಿರಿಯ ಮಗಳನ್ನು ತೋಳಿನಲ್ಲಿ ಅಪ್ಪಿಕೊಂಡು, ಎಷ್ಟು ಪ್ರೀತಿಯಿಂದ ಸಾಕಿದೆನೆಂಬುದನ್ನು ಮರೆಯಬೇಡ, ಮಾನವಾಗಿ ಬಾಳು, ದೇವರ ಸೇವೆಯನ್ನು ಮಾಡು ಎಂಬರ್ಥದ ಮಾತುಗಳನ್ನು ಹೇಳಿದರು. ಆಗ ಮಗ ಶ್ರೀನಿವಾಸನು ಮುಂದೆ ಬಂದು, ಜಾತಿಯ ಹೆಮ್ಮೆಯನ್ನು ಬಿಟ್ಟೆನು, ಕೂಲಿ ಮಾಡಿಯಾದರೂ ನಿಮ್ಮನ್ನು ಸಾಕುವೆನು ಎಂದನು. ತಂದೆಯು ನೀರಿಗೆ ಇಳಿಯಲಿಲ್ಲ. ಆದರೆ ಕೆಲವು ದಿನಗಳಲ್ಲಿಯೇ ಜ್ವರದಿಂದ ತೀರಿಕೊಂಡರು.

ಕೆಲವು ತಿಂಗಳಲ್ಲಿ ತಾಯಿಯೂ ಹೋದಳು. ಶವವನ್ನು ಹೊರುವುದಕ್ಕೆ ಜನ ಸಿಕ್ಕಲಿಲ್ಲ. ಕನಿಕರಪಟ್ಟ ಇಬ್ಬರು ಬ್ರಾಹ್ಮಣರು ಬಂದರು, ಮೂರನೆಯವನು ಮಗ, ನಾಲ್ಕನೆಯವಳು ರಮಾಬಾಯಿ. ಆಕೆಯು ಕುಳ್ಳಾಗಿದ್ದುದರಿಂದ ಹೆಗಲು ಸಾಲದೆ, ತಾಯಿಯ ಹೆಣದ ಭಾರವನ್ನು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆಯಬೇಕಾಯಿತು. ಅಕ್ಕನೂ ಬಹುಕಾಲ ಬದುಕಲಿಲ್ಲ. ಉಳಿದವರು ಅಣ್ಣ ತಂಗಿಯರಿಬ್ಬರೇ. ಅವರು ಹಸಿವಿನೊಡನೆಯೇ ಸಾವಿರಾರು ಮೈಲಿಗಳನ್ನು ಕಾಲುನಡಿಗೆಯಿಂದ ಸುತ್ತಿ 1878ರಲ್ಲಿ ಕಲಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರ್ಷದ ಆ ಕನ್ಯೆಯ ಸಂಸ್ಕೃತಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’ ಎಂದೂ ‘ಸರಸ್ವತೀ’ ಎಂದೂ ಬಿರುದುಗಳನ್ನಿತ್ತರು.

ಕ್ರಿಸ್ತೀಯರ ಪ್ರಾರ್ಥನಾಸಭೆಯನ್ನು ಅವರು ಮೊದಲು ನೋಡಿದ್ದು ಆ ಊರಿನಲ್ಲಿಯೇ. ಅದನ್ನು ಅವರು ಬರೆದಿರುವ ರೀತಿಯು ನಗೆ ತರಿಸುತ್ತದೆ. ಸೇರಿದವರೆಲ್ಲರೂ ಕುರ್ಚಿಗಳ ಮುಂದೆ ಮೊಣಕಾಲೂರಿ ಕಣ್ಣುಮುಚ್ಚಿಕೊಂಡುದನ್ನು ಕಂಡು, ಇವರು ಕುರ್ಚಿಗಳನ್ನೇ ಪೂಜಿಸುವರೆಂದು ಅಣ್ಣತಂಗಿಯರು ತಿಳಿದುಕೊಂಡರಂತೆ! ಸಂಸ್ಕೃತದ ಸತ್ಯವೇದವೊಂದನ್ನು ಅವರಿಗೆ ಕೊಟ್ಟರು. ಅದರ ಭಾಷೆಯು ಅವರಿಗೆ ರುಚಿಸಲಿಲ್ಲ.

1880ರಲ್ಲಿ ಅಣ್ಣನು ಮೃತನಾದನು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ವಿವಾಹವಾಯಿತು. ಜಾತಿಯೂ ಬೇರೆ, ಪ್ರಾಂತವೂ ಬೇರೆ. ಅಸ್ಸಾಮದ ಸಿಲ್ಚಾರಿನಲ್ಲಿ ಸಂಸಾರ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ಮಡಿದನು. ಇಪ್ಪತ್ತನಾಲ್ಕು ವರ್ಷಗಳು ತುಂಬುವುದರೊಳಗೆ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳೆದುಕೊಂಡ ವಿಧವೆಯಾಗಿ, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಅವರು ಪುಣೆಗೆ ಬಂದರು. ಸಿಲ್ಚಾರಿನ ಮನೆಯ ಪುಸ್ತಕಗಳ ನಡುವೆ ಲೂಕನು ಬರೆದ ಸುವಾರ್ತೆಯ ಸಣ್ಣ ಬಂಗಾಳಿ ಪುಸ್ತಕವೊಂದು ಅವರ ಕೈಗೆ ಸಿಕ್ಕಿತ್ತು. ಗಂಡನಿಗೆ ಮೆಚ್ಚಿಕೆಯಾಗದಿದ್ದರೂ ಅದನ್ನು ಓದಿದ್ದರು. ಅದು ಮನಸ್ಸಿನಲ್ಲಿ ಉಳಿದಿತ್ತು.

ಪುಣೆಯಲ್ಲಿ ಆರ್ಯಮಹಿಳಾಸಮಾಜವನ್ನು ಸ್ಥಾಪಿಸಿದ್ದು, ಹಂಟರ್ ಆಯೋಗದ ಮುಂದೆ ಸ್ತ್ರೀಯರಿಗೆ ಸ್ತ್ರೀವೈದ್ಯರೇ ಬೇಕೆಂದು ವಾದಿಸಿದ್ದು, 1883ರಲ್ಲಿ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋದದ್ದು, ಇವೆಲ್ಲವನ್ನೂ ಇಲ್ಲಿ ವಿಸ್ತರಿಸಲಾರೆವು. ಮತಾಂತರ ಹೊಂದುವ ಉದ್ದೇಶವು ತಮಗಿಲ್ಲವೆಂದು ಹೇಳಿಯೇ ಅವರು ಹಡಗನ್ನು ಹತ್ತಿದ್ದರು. ಅಲ್ಲಿಯೂ ಕಷ್ಟವು ಬೆನ್ನು ಬಿಡಲಿಲ್ಲ: ಜೊತೆಯಲ್ಲಿ ಹೋಗಿದ್ದ ಗೆಳತಿಯು ಆತ್ಮಹತ್ಯೆ ಮಾಡಿಕೊಂಡಳು, ಕಿವಿಯು ಮಂದವಾಗಿ ವೈದ್ಯವಿದ್ಯೆಯ ಆಸೆಯನ್ನು ಬಿಡಬೇಕಾಯಿತು. ಆದರೆ ಲಂಡನ್ನಿನ ಫುಲ್ಹಾಮ್ ಎಂಬಲ್ಲಿ ಕಂಡ ಒಂದು ಆಶ್ರಮವು ಅವರನ್ನು ಬದಲಿಸಿತು. ದಾರಿತಪ್ಪಿದ ಹೆಂಗಸರನ್ನು ಅಲ್ಲಿಯ ಸಂನ್ಯಾಸಿನಿಯರು ಅಕ್ಕತಂಗಿಯರಂತೆ ಕಂಡು ಉಪಚರಿಸುತ್ತಿದ್ದರು. ಇಂಥವರಲ್ಲಿ ಇಷ್ಟು ಕನಿಕರವೇಕೆಂದು ರಮಾಬಾಯಿಯವರು ಕೇಳಿದಾಗ, ಒಬ್ಬಾಕೆಯು ಯೋಹಾನನ ಸುವಾರ್ತೆಯಿಂದ ಬಾವಿಯ ಬಳಿ ಯೇಸುವು ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ಕಥೆಯನ್ನು ಓದಿ ತೋರಿಸಿದಳು. ಬಿದ್ದವಳನ್ನು ಎತ್ತುವ ದೇವರನ್ನು ಆ ದಿನ ಕಂಡೆನೆಂದು ಅವರು ಬರೆದಿದ್ದಾರೆ. 1883ರ ಸೆಪ್ಟೆಂಬರ್ 29ರಂದು ತಾಯಿಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ಮತವನ್ನು ಸ್ವೀಕರಿಸಿದ ಮಾತ್ರಕ್ಕೆ ಅವರು ಯಾರ ಕೈಗೊಂಬೆಯೂ ಆಗಲಿಲ್ಲ. ಗುರುಗಳ ಆಜ್ಞೆಗಳನ್ನು ಕಣ್ಣುಮುಚ್ಚಿ ಒಪ್ಪುವುದಿಲ್ಲವೆಂದು ಇಂಗ್ಲೆಂಡಿನ ಹಿರಿಯರಿಗೆ ಖಂಡಿತವಾಗಿ ಬರೆದರು, ಬಿಷಪ್ಪರೊಡನೆ ವಾದಿಸಿದರು, ಸಸ್ಯಾಹಾರವನ್ನು ಬಿಡಲಿಲ್ಲ, ವಿಧವೆಯ ಬಿಳಿಯ ಸೀರೆಯನ್ನು ಬಿಡಲಿಲ್ಲ. 1886ರಲ್ಲಿ ಅಮೇರಿಕಕ್ಕೆ ಹೋಗಿ, ಮರುವರ್ಷ ‘ಉಚ್ಚಜಾತಿಯ ಹಿಂದೂ ಸ್ತ್ರೀ’ ಎಂಬರ್ಥದ ಹೆಸರಿನ ಆಂಗ್ಲ ಗ್ರಂಥವನ್ನು ಪ್ರಕಟಿಸಿದರು; ಅದನ್ನು ಅರ್ಪಿಸಿದ್ದು ತಾಯಿ ಲಕ್ಷ್ಮೀಬಾಯಿಯ ಸ್ಮರಣೆಗೆ. ಹಿಂದಿನ ಮತವನ್ನು ಬಿಟ್ಟವರು ಹೆತ್ತವರನ್ನು ಹೀನೈಸುವುದು ಕೆಲವೊಮ್ಮೆ ಕಾಣಬರುತ್ತದೆ. ರಮಾಬಾಯಿಯವರ ಬರವಣಿಗೆಯಲ್ಲಿ ಅಪ್ಪ ಅಮ್ಮಂದಿರ ನಂಬಿಕೆಯ ವಿಚಾರದಲ್ಲಿ ವಾದವಿದೆ. ಅವರ ವಿಷಯದಲ್ಲಿ ಪ್ರೀತಿಯೊಂದೇ ಇದೆ.

1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ‘ಶಾರದಾಸದನ’ವೆಂಬ ವಿಧವಾಶ್ರಮವು ತೆರೆಯಿತು, ಮರುವರ್ಷ ಪುಣೆಗೆ ಬಂದಿತು. ಮೊದಲು ಸೇರಿದ ವಿಧವೆ ಗೋದೂಬಾಯಿಯು ಮುಂದೆ ಧೋಂಡೋ ಕೇಶವ ಕರ್ವೆಯವರ ಕೈಹಿಡಿದಳು. ಅಲ್ಲಿ ಮತೋಪದೇಶವಿರಬಾರದೆಂಬುದು ನಿಯಮ. ರಾನಡೆ, ಭಾಂಡಾರಕರ್ ಮುಂತಾದ ಮಾನ್ಯರು ಸಲಹಾಸಮಿತಿಯಲ್ಲಿದ್ದರು. ಹಿಂದೂ ವಿಧವೆಯರು ತಮ್ಮ ಆಚಾರಗಳನ್ನು ತಾವು ನಡೆಸಿಕೊಳ್ಳಬಹುದಾಗಿತ್ತು.

ತೊಡಕು ಬಂದದ್ದು ಒಂದು ಬಾಗಿಲಿನಿಂದ. ರಮಾಬಾಯಿಯವರು ಬೆಳಗ್ಗೆ ತಮ್ಮ ಕೋಣೆಯಲ್ಲಿ ಮಗಳೊಡನೆ ಸತ್ಯವೇದವನ್ನು ಓದಿ ಪ್ರಾರ್ಥನೆ ಮಾಡುತ್ತಿದ್ದರು, ಬಾಗಿಲು ತೆರೆದಿರುತ್ತಿತ್ತು. ಹುಡುಗಿಯರು ಕೆಲವರು ಬಂದು ಕುಳಿತುಕೊಳ್ಳುವುದು ವಾಡಿಕೆಯಾಯಿತು. ಬಾಗಿಲು ಮುಚ್ಚಬೇಕೆಂದು ಹಿತೈಷಿಗಳೆಂದರು. ಹಿಂದೂ ಹುಡುಗಿಗೆ ತನ್ನ ದೇವರನ್ನು ಪೂಜಿಸುವ ಸ್ವಾತಂತ್ರ್ಯವಿರುವಂತೆ ತನಗೂ ಉಂಟೆಂದೂ, ತನ್ನ ಮನೆಯಲ್ಲಿ ಮಕ್ಕಳ ಮುಖಕ್ಕೆ ಬಾಗಿಲು ಹಾಕಲಾರೆನೆಂದೂ ಅವರ ಉತ್ತರ. ‘ಕೇಸರಿ’ ಪತ್ರಿಕೆಯು ಉಗ್ರವಾಗಿ ಬರೆಯಿತು. 1893ರಲ್ಲಿ ಸಮಿತಿಯವರು ರಾಜೀನಾಮೆ ಕೊಟ್ಟರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಪೋಷಕರು ಬಿಡಿಸಿಕೊಂಡು ಹೋದರು.

ಇಲ್ಲಿ ಯಾರದು ಸರಿ? ಉಪದೇಶವಿಲ್ಲವೆಂಬ ಮಾತನ್ನು ನಂಬಿ ಮಗಳನ್ನು ಕಳುಹಿಸಿದ ತಂದೆಯ ಕಳವಳವನ್ನು ನಾವು ಹಗುರವೆನ್ನಲಾರೆವು. ಮಕ್ಕಳುಳ್ಳ ಯಾವ ಗೃಹಸ್ಥನೂ ಎನ್ನಲಾರನು. ಆದರೆ ಸತ್ತು ಬದುಕಿದ ಒಬ್ಬಾಕೆಯು ತನ್ನನ್ನು ಬದುಕಿಸಿದುದು ಯಾವುದೆಂದು ನಂಬಿದ್ದಳೋ ಅದನ್ನು ಕಳ್ಳತನದ ವಸ್ತುವಿನಂತೆ ಬಚ್ಚಿಡಬೇಕೆಂದರೆ ಅದೂ ನ್ಯಾಯವಾಗಿ ತೋರುವುದಿಲ್ಲ. ಬಾಗಿಲು ತೆರೆದಿತ್ತು, ಒಳಕ್ಕೆ ಬಾ ಎಂದು ಬಲಾತ್ಕರಿಸಿರಲಿಲ್ಲ. ಸ್ನೇಹಿತರು ದೂರವಾದುದು ಅವರಿಗೆ ಬಹಳ ನೋವನ್ನು ಕೊಟ್ಟಿತು. ಬಾಗಿಲು ಮಾತ್ರ ಮುಚ್ಚಲಿಲ್ಲ.

ಆ ಕಾಲದಲ್ಲಿಯೇ ಅವರ ಅಂತರಂಗದಲ್ಲಿಯೂ ಒಂದು ಮಾರ್ಪಾಡಾಗಿತ್ತು. ದೀಕ್ಷಾಸ್ನಾನವಾಗಿ ಎಂಟು ವರ್ಷಗಳಾದ ಮೇಲೆ, ತನಗೆ ಕ್ರಿಸ್ತಮತವು ದೊರಕಿತೇ ಹೊರತು ಕ್ರಿಸ್ತನೇ ದೊರಕಿರಲಿಲ್ಲವೆಂದು ತಿಳಿಯಿತೆಂದು ಅವರು ಬರೆದರು. ಬುದ್ಧಿಯಿಂದ ಒಪ್ಪಿದುದು ಬೇರೆ, ಎದೆಯಿಂದ ನೆಚ್ಚಿದುದು ಬೇರೆ. ಮಹಾಪಂಡಿತೆಯೆಂದು ಲೋಕವು ಹೊಗಳಿದಾಕೆ ಇದನ್ನು ಅಚ್ಚುಮಾಡಿಸಿ ಪ್ರಕಟಿಸಿದುದು ಸಾಮಾನ್ಯ ಸಂಗತಿಯಲ್ಲ.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಘೋರ ಕ್ಷಾಮವು ಬಿದ್ದಿತು. ವಾರ್ತೆಯನ್ನು ಕೇಳಿದೊಡನೆ ಇಪ್ಪತ್ತು ವರ್ಷಗಳ ಹಿಂದಿನ ಕಾಡೂ, ಎಲೆಗಳೂ, ತಂದೆಯ ತೋಳೂ ಕಣ್ಣಮುಂದೆ ಬಂದುವೆಂದೂ, ಮನೆಯಲ್ಲಿ ಕುಳಿತಿರಲಾರದೆ ಹೋದೆನೆಂದೂ ಅವರು ಹೇಳಿಕೊಂಡಿದ್ದಾರೆ. ಕೈಯಲ್ಲಿ ಹಣವಿರಲಿಲ್ಲ. ಆದರೂ ಹೊರಟರು. ಕ್ಷಾಮದ ಊರುಗಳಲ್ಲಿ ಅನಾಥ ಹುಡುಗಿಯರಿಗೆ ಹಸಿವು ಒಂದೇ ಶತ್ರುವಾಗಿರಲಿಲ್ಲ; ಒಂದು ಹೊತ್ತಿನ ಊಟದ ಆಸೆ ತೋರಿಸಿ ಅವರನ್ನು ಕೊಂಡೊಯ್ದು ಕೆಡಿಸುವವರೂ ಹೊಂಚುಹಾಕುತ್ತಿದ್ದರು. ರಮಾಬಾಯಿಯವರು ನೂರಾರು ಮಂದಿ ಬಾಲೆಯರನ್ನೂ ತರುಣ ವಿಧವೆಯರನ್ನೂ ಕರೆತಂದರು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು. ಅಷ್ಟು ಜನರನ್ನು ಊರಿನಲ್ಲಿ ಇರಿಸಿಕೊಳ್ಳಲು ಸರಕಾರದವರ ಅಪ್ಪಣೆಯಿಲ್ಲ. ಸೊಲ್ಲಾಪುರದ ರೈಲುಮಾರ್ಗದಲ್ಲಿ ಕೇಡಗಾಂವ್ ಎಂಬ ಹಳ್ಳಿಯಲ್ಲಿ ಅವರು ಮೊದಲೇ ಕೊಂಡಿದ್ದ ಹೊಲವಿತ್ತು. ಅಲ್ಲಿ ಡೇರೆಗಳನ್ನೂ ಗುಡಿಸಲುಗಳನ್ನೂ ಹಾಕಿ ಎಲ್ಲರನ್ನೂ ಇಳಿಸಿದರು. ಅದೇ ‘ಮುಕ್ತಿಸದನ’ವಾಯಿತು.

ಬಂದ ಹುಡುಗಿಯರ ಸ್ಥಿತಿಯನ್ನು ವಾಚಕರು ಊಹಿಸಬಹುದು: ಮೂಳೆ ಚರ್ಮ, ಹುಣ್ಣು, ಹೇನು. ಕ್ಷಾಮವು ಮಕ್ಕಳ ಒಳ್ಳೆಯತನವನ್ನೂ ತಿಂದುಹಾಕುತ್ತದೆ. ಕದಿಯುವುದು, ಕಚ್ಚಾಡುವುದು, ಸುಳ್ಳಾಡುವುದು ಅವರಿಗೆ ಬದುಕುವ ಉಪಾಯಗಳಾಗಿದ್ದುವು. ಅಂಥವರಿಗೆ ಮೊದಲ ದಿನವೇ ಉಪದೇಶ ಮಾಡುವವರನ್ನು ಏನೆನ್ನಬೇಕು? ಇಲ್ಲಿ ಮೊದಲು ಸ್ನಾನ, ಬಟ್ಟೆ, ಅನ್ನ, ಔಷಧ. ಶಾರದಾಸದನದ ಹಿರಿಯ ಹುಡುಗಿಯರು ಹೊಸಬರಿಗೆ ತಾಯಂದಿರಾದರು. ಬಳಿಕ ಅಕ್ಷರಾಭ್ಯಾಸ, ಕೈಕೆಲಸ: ನೇಯ್ಗೆ, ಹೊಲಿಗೆ, ಹೈನು, ಬೇಸಾಯ, ಗಾಣ, ಅಚ್ಚುಕೂಟ. ಕಣ್ಣಿಲ್ಲದವರಿಗೆ ‘ಬಾರ್ತಿಮಾಯ ಸದನ’ವೆಂದು ಬೇರೆಯೇ ಮನೆ, ಮನೋರಮಾ ಬಾಯಿಯವರು ಅಮೇರಿಕದಲ್ಲಿ ಬ್ರೈಲ್ ಲಿಪಿಯನ್ನು ಕಲಿತುಬಂದು ಇಲ್ಲಿ ಕಲಿಸಿದರು. ಸಮಾಜವು ತಳ್ಳಿಬಿಟ್ಟ ಹೆಂಗಸರಿಗೆ ‘ಕೃಪಾಸದನ’. ಫುಲ್ಹಾಮಿನಲ್ಲಿ ಕಂಡುದನ್ನು ಅವರು ಮರೆತಿರಲಿಲ್ಲ. 1900ರಲ್ಲಿ ಗುಜರಾತಿನ ಕ್ಷಾಮವೂ ಸೇರಿಕೊಂಡು ಮುಕ್ತಿಸದನದ ಸಂಖ್ಯೆಯು ಸಾವಿರವನ್ನು ಮೀರಿತು. ಅಮೇರಿಕದ ಸಹಾಯಕ ಸಂಘವು ಹತ್ತು ವರ್ಷಗಳಿಗೆಂದು ಕೊಟ್ಟಿದ್ದ ಮಾತಿನ ಅವಧಿಯು 1898ಕ್ಕೇ ತುಂಬಿಹೋಗಿತ್ತು. ನಾಳೆಯ ಧಾನ್ಯವೆಲ್ಲಿಂದ ಎಂಬ ಪ್ರಶ್ನೆಯು ಆ ಮನೆಯಲ್ಲಿ ನಿತ್ಯದ್ದು. ಅದಕ್ಕೆ ಪ್ರಾರ್ಥನೆ ಮಾಡುವುದನ್ನೂ ಬಾವಿ ತೋಡುವುದನ್ನೂ ರಮಾಬಾಯಿಯವರು ಒಟ್ಟಿಗೇ ನಡೆಸಿದರು. ನಮ್ಮ ಮನಸ್ಸಿಗೆ ಈ ಎರಡನೆಯದೂ ಬಹಳ ಹಿಡಿಸಿದೆ.

ಇಲ್ಲಿ ವಿಧಿಯಿಲ್ಲದೆ ಒಂದು ಮಾತನ್ನು ಆಡಬೇಕಾಗಿದೆ. ಅನ್ನ ಕೊಟ್ಟವರ ಮತವನ್ನು ಅನಾಥ ಬಾಲೆಯು ಸ್ವೀಕರಿಸಿದರೆ ಅದು ಅವಳ ಸ್ವಂತ ಇಚ್ಛೆಯೇ, ಅನ್ನದ ಋಣವೇ ಎಂದು ಅಂದಿನವರು ಕೇಳಿದರು, ಇಂದಿನವರೂ ಕೇಳುವರು. ಪ್ರಶ್ನೆಯು ಅನ್ಯಾಯವಾದುದಲ್ಲ. ಮುಕ್ತಿಸದನವು ಪುಣೆಯ ಶಾರದಾಸದನದಂತೆ ಮತದ ವಿಷಯದಲ್ಲಿ ಮೌನವಾಗಿರಲಿಲ್ಲ. ಅಲ್ಲಿ ಪ್ರಾರ್ಥನೆಯೂ ಉಪದೇಶವೂ ನಿತ್ಯ ನಡೆಯುತ್ತಿದ್ದುವು. 1905ರಲ್ಲಿ ಅಲ್ಲಿ ಎದ್ದ ಭಕ್ತಿಯ ಅಲೆಯು ದೇಶಾಂತರಗಳಲ್ಲಿಯೂ ಸುದ್ದಿಯಾಯಿತು. ನಾವು ಹೇಳಬಲ್ಲುದಿಷ್ಟೆ: ಕ್ಷಾಮದ ಹುಡುಗಿಯ ಮುಂದೆ ಕುಳಿತು ‘ದೇವರು ನಿನ್ನನ್ನು ಕೈಬಿಟ್ಟಿಲ್ಲ’ ಎಂದು ಹೇಳುವ ಅಧಿಕಾರವು ಯಾರಿಗಾದರೂ ಇದ್ದಿತಾದರೆ, ಹನ್ನೊಂದು ದಿನ ಎಲೆ ತಿಂದವಳಿಗೆ ಇದ್ದಿತು. ಆಕೆಯು ತುಂಬಿದ ಹೊಟ್ಟೆಯಿಂದ ಆ ಮಾತನ್ನು ಆಡಲಿಲ್ಲ. ಕೇಳುವವಳಿಗೂ ಅದು ಗೊತ್ತಿತ್ತು. 1907ರಲ್ಲಿ ಬರೆದ ಸಾಕ್ಷ್ಯದಲ್ಲಿ ಅವರು ತಮ್ಮ ಕಥೆಯನ್ನೆಲ್ಲ ಅಲಂಕಾರವಿಲ್ಲದೆ ಹೇಳಿ, ತನಗೆ ದೊರೆತ ನಿಧಿಯು ಹಂಚಿದಷ್ಟೂ ಮುಗಿಯದೆಂದು ತಿಳಿಸಿದರು.

ಕನ್ನಡನಾಡಿನ ಋಣವನ್ನೂ ಅವರು ತೀರಿಸಿದರೆನ್ನಬಹುದು. ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಕಲಬುರ್ಗಿಯಲ್ಲಿ 1912ರ ಸುಮಾರಿಗೆ ಅವರ ಸಹಾಯದಿಂದ ಪ್ರೌಢಶಾಲೆಯೊಂದು ಆರಂಭವಾಯಿತು. ಮನೋರಮಾ ಬಾಯಿಯವರೇ ಅದರ ಮುಖ್ಯೋಪಾಧ್ಯಾಯಿನಿಯರು.

ಕಡೆಯ ವರ್ಷಗಳ ಕೆಲಸವು ಸತ್ಯವೇದದ ಮರಾಠಿ ಭಾಷಾಂತರ. ಕಲಕತ್ತೆಯಲ್ಲಿ ಸಂಸ್ಕೃತದ ಸತ್ಯವೇದವು ತಮಗೇ ದೂರವಾಗಿ ತೋರಿದುದನ್ನು ಅವರು ನೆನೆದಿರಬಹುದು. ಕೂಲಿ ಮಾಡುವ ಹೆಂಗಸಿಗೂ ತಿಳಿಯಬೇಕೆಂದು, ಸಂಸ್ಕೃತದಲ್ಲಿ ಅಷ್ಟು ನುರಿತವರು ಸಂಸ್ಕೃತಪದಗಳನ್ನು ಬಿಟ್ಟು ಆಡುಮಾತನ್ನು ಹುಡುಕಿದರು. ಇದಕ್ಕಾಗಿ ಹಿಬ್ರೂ ಗ್ರೀಕ್ ಭಾಷೆಗಳನ್ನು ನಡುವಯಸ್ಸು ದಾಟಿದ ಮೇಲೆ ಕಲಿತರು. ಕಿವಿಯು ಬಹುಮಟ್ಟಿಗೆ ಹೋಗಿತ್ತು, ಮೈಯೂ ಸೋತಿತ್ತು. 1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡಳು. ಹಡಗಿನಲ್ಲಿ, ಅಮೇರಿಕದಲ್ಲಿ, ಕೇಡಗಾಂವಿಯ ಡೇರೆಗಳಲ್ಲಿ ಜೊತೆಗಿದ್ದ, ತಾಯಿಯ ಬಳಿಕ ಸದನವನ್ನು ನಡೆಸಬೇಕಾಗಿದ್ದ ಒಬ್ಬಳೇ ಮಗಳು. ತಾಯಿಗೆ ಆಗ ಅರುವತ್ತಮೂರು ವರ್ಷ. ಅವರು ಮತ್ತೆ ಮೇಜಿನ ಮುಂದೆ ಕುಳಿತು ಕರಡಚ್ಚುಗಳನ್ನು ತಿದ್ದುವ ಕೆಲಸವನ್ನು ಮುಂದುವರಿಸಿದರು. ಒಂಬತ್ತು ತಿಂಗಳು ಪೂರ್ತಿಯಾಗುವುದರೊಳಗೆ, 1922ರ ಏಪ್ರಿಲ್ 5ರಂದು, ಅವರೂ ಕಣ್ಣುಮುಚ್ಚಿದರು.

ಗ್ರಂಥವು ಸಂಪೂರ್ಣವಾಗಿ ಹೊರಬಂದದ್ದು 1924ರಲ್ಲಿ, ಮುಕ್ತಿಸದನದ ಅಚ್ಚುಕೂಟದಿಂದಲೇ. ಅದರ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿದವರು ಆ ಮನೆಯ ಹೆಣ್ಣುಮಕ್ಕಳು.